ಗಾಡಿ ಹೋದಲ್ಲೆಲ್ಲ ದಾರಿಯೇ?

ಸಾಮಾನು ಹೊತ್ತು ಹೊತ್ತು ಹಳೆಯದಾದ ವ್ಯಾನೊಂದನ್ನು ಅಗ್ಗಕ್ಕೆ ಕೊಂಡು, ಅದರ ಹೊಟ್ಟೆಯೊಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಅಳವಡಿಸಿ, ಇಂಜಿನಿನ ಬಲವನ್ನು ಮುಂದಿನ ಎರಡು ಚಕ್ರಗಳಿಗೂ ಹಾಯಿಸಿ, ರಸ್ತೆಯೇ ಇಲ್ಲದ ಕಡೆಯೂ ಹೋಗಿ ತಂಗಬಲ್ಲ ಸಂಚಾರಿ ಮನೆಯನ್ನಾಗಿ ಮಾಡಿಕೊಳ್ಳುವ ಹವ್ಯಾಸವೊಂದು ಅಮೆರಿಕ, ಯುರೋಪು, ಆಸ್ಟ್ರೇಲಿಯಗಳಲ್ಲಿ ಬಹಳವಾಗಿ ಹಬ್ಬಿದೆ. ಮೇಲುನೋಟಕ್ಕೆ ಇದು ಮೋಟಾರಿನ ಕೆಲಸ ಬಲ್ಲವರ ಸಂಗತಿ. ಸ್ಪ್ಯಾನರು ಹಿಡಿಯದ ನಮಗೂ ಇದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಆದರೆ ಈ ಕೆಲಸಕ್ಕೆ ಕೈಹಾಕಿದವನಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಬದುಕಲು ಎಷ್ಟು ಸಾಕು? ಎಲ್ಲಿಯವರೆಗೆ ಹೋಗಬಹುದು? ಇವು ವ್ಯಾನು ಇಲ್ಲದವರ ಪ್ರಶ್ನೆಗಳೂ ಹೌದು.

ಈ ಬಗೆಯ ಗಾಡಿಯ ವಂಶ ಸಾದಾ ದುಡಿಮೆಯಿಂದಲೇ ಆರಂಭವಾಗುತ್ತದೆ. 1947ರಲ್ಲಿ ಬೆನ್ ಪಾನ್ ಎಂಬ ಡಚ್ ವರ್ತಕ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಅಂಗಳದಲ್ಲಿ, ಬಿಡಿಭಾಗಗಳನ್ನು ಸಾಗಿಸಲು ಅಲ್ಲಿಯವರೇ ಕಟ್ಟಿಕೊಂಡಿದ್ದ ಚಪ್ಪಟೆ ಗಾಡಿಯನ್ನು ಕಂಡು, ತನ್ನ ಟಿಪ್ಪಣಿ ಪುಸ್ತಕದಲ್ಲಿ ಪೆಟ್ಟಿಗೆಯಂಥ ವ್ಯಾನಿನ ಗೆರೆಚಿತ್ರವೊಂದನ್ನು ಬರೆದ. 1950ರ ಮಾರ್ಚಿಯಲ್ಲಿ ಆ ವ್ಯಾನು ತಯಾರಾಗತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯ ಎಂಬ ಸಂಸ್ಥೆ ಅದರೊಳಗೆ ಇಡಬಹುದಾದ, ಬೇಡವಾದಾಗ ಹೊರತೆಗೆಯಬಹುದಾದ ಸಲಕರಣೆಗಳ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ದುಡಿಯುವ ದಿನಗಳಲ್ಲಿ ಸರಕಿನ ಗಾಡಿ, ರಜೆಯ ದಿನಗಳಲ್ಲಿ ಮನೆ! 1985ರಲ್ಲಿ ಇದೇ ವಂಶದ ವ್ಯಾನಿಗೆ ಆಸ್ಟ್ರಿಯದ ಗ್ರಾಜ್ ನಗರದಲ್ಲಿ ನಾಲ್ಕು ಚಕ್ರಗಳ ಚಾಲನೆಯೂ ಕೂಡಿಬಂತು. ಅತ್ತ ಅಮೆರಿಕದಲ್ಲಿ ಫೋರ್ಡ್ ಇಕಾನೊಲೈನ್ ವ್ಯಾನಿಗೆ 1975ರ ಮಾದರಿಯಿಂದ ಲಾರಿಗಿರುವಂತೆ ಪ್ರತ್ಯೇಕ ಉಕ್ಕಿನ ಚಾಸಿ ಬಂದದ್ದರಿಂದ, ಅದರ ಮುಂಭಾಗವನ್ನು ಬಿಚ್ಚಿ ಗಟ್ಟಿಯಾದ ಆಕ್ಸಲನ್ನು ಕೂರಿಸುವ ಕೆಲಸ ಹೊರಗಿನ ವರ್ಕ್‌ಷಾಪುಗಳಿಗೆ ಸುಲಭವಾಯಿತು.

ಸುಲಭವೆಂದರೂ ಒಂದನ್ನು ಮುಟ್ಟಿದರೆ ಹತ್ತನ್ನು ಮುಟ್ಟಬೇಕಾದ ಕೆಲಸವಿದು. ಗೇರುಪೆಟ್ಟಿಗೆಯ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯನ್ನಿಟ್ಟು ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚಬೇಕು. ಕಲ್ಲುಮುಳ್ಳು ತಗಲದಿರಲೆಂದು ಗಾಡಿಯನ್ನು ಎತ್ತರಿಸಿ ದೊಡ್ಡ ಟಯರು ಹಾಕಿದರೆ ಇಂಜಿನಿಗೆ ಎಳೆತ ಭಾರವಾಗುತ್ತದೆ. ಆಗ ಆಕ್ಸಲಿನೊಳಗಿನ ಹಲ್ಲುಚಕ್ರಗಳನ್ನೂ ಬದಲಿಸಬೇಕು. ಸ್ಪೀಡೋಮೀಟರು ನಿಜಕ್ಕಿಂತ ಕಡಿಮೆ ವೇಗವನ್ನು ತೋರಿಸತೊಡಗುತ್ತದೆ, ಅದನ್ನೂ ಸರಿಪಡಿಸಬೇಕು. ಎತ್ತರ ಹೆಚ್ಚಿದಷ್ಟೂ ತಿರುವಿನಲ್ಲಿ ವಾಲುವ ಭಯವೂ ಹೆಚ್ಚು.

ಇನ್ನು ಒಳಗಿನ ಸಂಸಾರ. ಯುರೋಪಿನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸು ಉಳ್ಳವರಿಗೆ ಬಹುಕಾಲದಿಂದ ಇದ್ದ ಗೆರೆ ಗಾಡಿಯ ಒಟ್ಟು ತೂಕ 3,500 ಕಿಲೋ ಎಂಬುದು. ಬರಿಯ ವ್ಯಾನು 2,300 ಕಿಲೋ ಇದೆ ಎಂದಿಟ್ಟುಕೊಳ್ಳೋಣ. ಉಳಿದದ್ದು 1,200. ಹೊಸ ಆಕ್ಸಲು ಮತ್ತು ಟ್ರಾನ್ಸ್‌ಫರ್ ಕೇಸಿಗೆ 250 ಬಿಡೋಣ. ಇಬ್ಬರು ಮನುಷ್ಯರಿಗೆ 140. 100 ಲೀಟರು ನೀರಿಗೆ 100. 80 ಲೀಟರು ಡೀಸೆಲ್ಲಿಗೆ 67. ಮರಗೆಲಸ, ಹಾಸಿಗೆ, ಒಲೆಗೆ 300. ಬ್ಯಾಟರಿ ಮತ್ತು ಬಿಸಿಲಿನಿಂದ ವಿದ್ಯುತ್ತು ಮಾಡುವ ಹಲಗೆಗಳಿಗೆ 80. ಹೆಚ್ಚಿನ ಟಯರು, ಉಪಕರಣಗಳಿಗೆ 100. ಕೂಡಿದರೆ 1,037 ಆಯಿತು. ಮಿಕ್ಕ 163 ಕಿಲೋದಲ್ಲಿ ಬಟ್ಟೆ, ಪಾತ್ರೆ, ಅಕ್ಕಿ, ಬೇಳೆ, ಔಷಧ, ಪುಸ್ತಕ ಎಲ್ಲವೂ ಅಡಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಅಪರಿಗ್ರಹದ ಮೇಲೆ ನಾವು ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೇವೆ. ಕೇಳಿ ಮನೆಗೆ ಬಂದು, ಮಂಚದ ಕೆಳಗೆ ತುರುಕಿದ ಡಬ್ಬಗಳನ್ನು ಇನ್ನಷ್ಟು ಒಳಕ್ಕೆ ತಳ್ಳಿ, ಹೊಸದೊಂದಕ್ಕೆ ಜಾಗ ಮಾಡಿದ್ದೇವೆ. ಮನೆಗೆ ತಕ್ಕಡಿಯಿಲ್ಲ, ವ್ಯಾನಿಗೆ ಇದೆ. ಹೆಚ್ಚು ಹೇರಿದರೆ ಸ್ಪ್ರಿಂಗಿನ ಪಟ್ಟಿಗಳು ಕುಗ್ಗುತ್ತವೆ, ಬ್ರೇಕು ತಡವಾಗಿ ಹಿಡಿಯುತ್ತದೆ. ಆದ್ದರಿಂದ ‘ಎಷ್ಟು ಸಾಕು’ ಎಂಬ ಮೊದಲನೆಯ ಪ್ರಶ್ನೆಗೆ ವ್ಯಾನು ಕಟ್ಟುವವನು ಹೇಗೋ ಉತ್ತರ ಕಂಡುಕೊಳ್ಳುತ್ತಾನೆ. ಅದು ಅವನ ವೈರಾಗ್ಯವಲ್ಲ, ಉಕ್ಕಿನ ಬಲವಂತ. ಹಾಗೆಂದು ಅದನ್ನು ಹಗುರವಾಗಿ ಕಾಣಬೇಕಿಲ್ಲ. ಬಲವಂತದಿಂದ ಕಲಿತ ಮಿತವೂ ಅಭ್ಯಾಸವಾಗಿ ಒಳಗೆ ಇಳಿಯಬಲ್ಲದು. ಗುಜರಿಗೆ ಹೋಗಲಿದ್ದ ಗಾಡಿಗೆ ಇನ್ನೊಂದು ಆಯುಷ್ಯ ಕೊಟ್ಟವನ ಶ್ರಮಕ್ಕೂ ನಾವು ಬೆಲೆ ಕೊಡಬೇಕು.

ನಿಜವಾದ ತೊಡಕು ಎರಡನೆಯ ಪ್ರಶ್ನೆಯಲ್ಲಿದೆ. ಎಲ್ಲಿಯವರೆಗೆ ಹೋಗಬಹುದು? ಇಲ್ಲಿ ಯಂತ್ರ ಏನನ್ನೂ ಹೇಳುವುದಿಲ್ಲ. ಹೇಳುವುದಿರಲಿ, ‘ಎಲ್ಲಿಗಾದರೂ ಸರಿ’ ಎಂದು ಹುರಿದುಂಬಿಸುತ್ತದೆ. ಅಷ್ಟು ಹಣ, ಅಷ್ಟು ಬೆವರು ಸುರಿದು ಶಕ್ತಿಯನ್ನು ಗಳಿಸಿದವನಿಗೆ, ಅದನ್ನು ಬಳಸದಿದ್ದರೆ ಎಲ್ಲವೂ ವ್ಯರ್ಥವೆನಿಸುವುದು ಸಹಜ. ‘ಹೋಗಬಲ್ಲೆವು’ ಎಂಬುದು ಮೆಲ್ಲನೆ ‘ಹೋಗಬಹುದು’ ಎಂದಾಗಿ, ಕಡೆಗೆ ‘ಹೋಗಲೇಬೇಕು’ ಎಂದಾಗುತ್ತದೆ. ಶಕ್ತಿ ಹಕ್ಕಿನ ವೇಷ ತೊಡುವುದು ಹೀಗೆಯೇ.

ನೆಲದ ಪಾಡನ್ನಾದರೂ ಒಮ್ಮೆ ನೋಡಬೇಕು. ಅಮೆರಿಕದ ಯೂಟಾ ಪ್ರಾಂತದ ಮರುಭೂಮಿಯಲ್ಲಿ ಮಣ್ಣಿನ ಮೇಲೆ ಕಪ್ಪಗೆ ಒರಟಾದ ಹೊಪ್ಪಳೆಯೊಂದು ಕಾಣಿಸುತ್ತದೆ. ನೋಡಿದವರು ಸತ್ತ ಮಣ್ಣೆಂದುಕೊಳ್ಳುತ್ತಾರೆ. ಅದು ಸೂಕ್ಷ್ಮಜೀವಿಗಳೂ ಕಲ್ಲುಹೂವೂ ಪಾಚಿಯೂ ಸೇರಿ ನೇಯ್ದ ಸಜೀವ ಚರ್ಮ. ಮರಳು ಗಾಳಿಗೆ ಹಾರದಂತೆ ಹಿಡಿದಿಡುವುದೂ, ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುವುದೂ ಅದೇ. ಅದರ ಮೇಲೆ ಒಮ್ಮೆ ಚಕ್ರ ಹಾಯ್ದರೆ ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ ಮುಂದಕ್ಕೆ, ಜನರಲ್ ಪ್ಯಾಟನ್ ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಆರಂಭಿಸಿದ ತರಬೇತಿ ನೆಲೆಯ ಟ್ಯಾಂಕುಗಳ ಜಾಡು ಅಲ್ಲಲ್ಲಿ ಈಗಲೂ ಕಾಣುತ್ತದೆ. ಟ್ಯಾಂಕು ನಡೆಸಿದವರು ಕಣ್ಮರೆಯಾದರು, ಜಾಡು ಉಳಿಯಿತು. ಇಂಥ ಹಾನಿಯನ್ನು ಕಂಡೇ 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್, ಸರಕಾರಿ ಭೂಮಿಯಲ್ಲಿ ಇಂಥ ವಾಹನಗಳು ಎಲ್ಲಿ ಓಡಾಡಬಹುದು, ಎಲ್ಲಿ ಕೂಡದು ಎಂಬುದನ್ನು ಗುರುತಿಸಬೇಕೆಂದು ಆಜ್ಞೆ ಹೊರಡಿಸಿದರು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನು ಇನ್ನಷ್ಟು ಬಿಗಿಗೊಳಿಸಿದರು.

ಇದಕ್ಕೆ ಎದುರುಮಾತು ಇಲ್ಲದಿಲ್ಲ. ಇಂದಿನ ಪ್ರತಿಯೊಂದು ದಾರಿಯೂ ಒಂದು ಕಾಲಕ್ಕೆ ದಾರಿಯಲ್ಲದ ನೆಲವೇ ಆಗಿತ್ತಲ್ಲ, ಮೊದಲ ಎತ್ತಿನ ಗಾಡಿ ಯಾರ ಅಪ್ಪಣೆ ಕೇಳಿತ್ತು ಎನ್ನಬಹುದು. ನಿಜ. ಆದರೆ ಆ ಬಂಡಿಜಾಡು ಹುಟ್ಟಿದ್ದು ಸಂತೆಗೆ, ಹೊಲಕ್ಕೆ, ನೆಂಟರ ಊರಿಗೆ. ಅದನ್ನು ತುಳಿದವರೇ ಮಳೆಗಾಲ ಕಳೆದ ಮೇಲೆ ಮಣ್ಣು ಹಾಕಿ ಸರಿಪಡಿಸಿದರು. ಅದರ ಲಾಭನಷ್ಟ ಎರಡನ್ನೂ ಉಂಡವರು ಅವರೇ. ರಜೆಗೆ ಬಂದ ಗಾಡಿ ಜಾಡನ್ನು ಬಿಟ್ಟು ಹೋಗುತ್ತದೆ, ಅದನ್ನು ನೋಡಿಕೊಳ್ಳಲು ಮರಳಿ ಬರುವುದಿಲ್ಲ.

ನನ್ನದೊಂದು ಗಾಡಿಯಿಂದ ಏನಾದೀತು ಎಂಬುದು ಎರಡನೆಯ ವಾದ. ಮೊದಲನೆಯ ಜಾಡಿನ ದೋಷ ಅದರ ಅಗಲದಲ್ಲಿಲ್ಲ, ಅದು ಕೊಡುವ ಆಹ್ವಾನದಲ್ಲಿದೆ. ಹಿಂದೆ ಬಂದವನು ಅದನ್ನು ಕಂಡು ಇದೇ ದಾರಿಯೆಂದುಕೊಳ್ಳುತ್ತಾನೆ. ಅವನದು ತಪ್ಪೆನ್ನುವಂತೆಯೂ ಇಲ್ಲ.

ಮೂರನೆಯ ವಾದ ಇವೆರಡಕ್ಕಿಂತ ಗಟ್ಟಿ. ನಡೆಯಲಾರದವರು, ವಯಸ್ಸಾದವರು ದೂರದ ಬೆಟ್ಟವನ್ನು ನೋಡಲೇ ಬಾರದೇ? ಖಂಡಿತ ನೋಡಬೇಕು. ಅವರಿಗಾಗಿಯೇ ನಾವು ಒಂದು ಭೇದವನ್ನು ಎಣಿಸಬೇಕು: ಕೆಟ್ಟ ದಾರಿ ಬೇರೆ, ಇಲ್ಲದ ದಾರಿ ಬೇರೆ. ಗುಂಡಿಬಿದ್ದ ಘಾಟಿ, ಹಳ್ಳ ದಾಟುವ ಮಣ್ಣುರಸ್ತೆ, ಹಿಮ ಕೂತ ಕಣಿವೆದಾರಿ, ಇವನ್ನು ಕ್ಷೇಮವಾಗಿ ದಾಟಲು ನಾಲ್ಕು ಚಕ್ರಗಳ ಬಲ ನಿಜವಾದ ಉಪಕಾರ. ಅದೇ ಬಲದಿಂದ ಹುಲ್ಲುಗಾವಲನ್ನು ಸೀಳುವುದು ಉಪಕಾರವೂ ಅಲ್ಲ, ಸಾಹಸವೂ ಅಲ್ಲ. ಇರುವ ದಾರಿ ಎಷ್ಟೇ ಕೆಟ್ಟದ್ದಿರಲಿ, ಅದನ್ನು ಬಿಡದೆ ಹೋಗುವುದು. ಅದು ಮುಗಿದ ಕಡೆ ಗಾಡಿಯನ್ನು ನಿಲ್ಲಿಸುವುದು. ಮುಂದೆ ಕಾಲು ನಡೆದಷ್ಟು, ಇಲ್ಲವೇ ಕಣ್ಣು ಹರಿದಷ್ಟು. ಈ ನಿಯಮಕ್ಕೆ ಪಂಡಿತರು ಬೇಕಿಲ್ಲ.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹೊರದೇಶದಲ್ಲಿ ಇಂಥ ಗಾಡಿಗಳನ್ನು ಕಂಡು ಬಂದ ನಮ್ಮ ತರುಣರು ಮೊದಲು ಇದನ್ನು ತಿಳಿದಿರಬೇಕು. ಆದರೆ ಕಾನೂನು ಗಾಡಿಯ ಮೈಯನ್ನಷ್ಟೇ ಪರೀಕ್ಷಿಸಬಲ್ಲದು. ಯಾರೂ ನೋಡದ ಬಯಲಿನಲ್ಲಿ ಸ್ಟೀರಿಂಗು ಹಿಡಿದವನ ಪಕ್ಕದಲ್ಲಿ ಕಾನೂನು ಕೂತಿರುವುದಿಲ್ಲ. ಅಲ್ಲಿ ಕೂರಬೇಕಾದದ್ದು ವಿವೇಕ.

ಹನ್ನೆರಡನೆಯ ಶತಮಾನದ ಶರಣರು ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ನಮ್ಮ ಬದುಕಿನೊಳಕ್ಕೆ ತಂದರು. ಚಲಿಸಿದ್ದೆಲ್ಲ ಜಂಗಮವೆಂದು ಅವರು ಹೇಳಲಿಲ್ಲ. ನೀರು, ದೀಪ, ಒಲೆ ಎಲ್ಲವನ್ನೂ ಹೊತ್ತುಕೊಂಡು, ಯಾರ ಬಾಗಿಲನ್ನೂ ತಟ್ಟದೆ, ಯಾರಿಂದಲೂ ಒಂದು ಲೋಟ ನೀರು ಕೇಳದೆ, ನೆಲಕ್ಕೆ ಗಾಯವೊಂದನ್ನು ಬಿಟ್ಟು ಮುಂದೆ ಹೋದ ಗಾಡಿ ನಾಲ್ಕು ಚಕ್ರ ಹಚ್ಚಿದ ಸ್ಥಾವರವೇ ಸರಿ. ಜಂಗಮನಾದವನು ಹೋದ ಊರಿನ ಋಣವನ್ನು ಬಲ್ಲವನು.

ಊರು ಬಿಟ್ಟು ಪರಭಾಷೆಯ ಮಹಾನಗರಗಳಲ್ಲಿ ನೆಲೆ ಕಂಡ ನಮಗೆ ಈ ಋಣದ ಅರಿವು ಹೊಸದಲ್ಲ. ಬಂದ ಹೊಸದರಲ್ಲಿ ನಮ್ಮ ಹಿರಿಯರು ಇಲ್ಲಿಯವರ ಮಾತು ಕಲಿತರು, ಹಬ್ಬ ಅರಿತರು, ಯಾವ ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಯಾವ ಮಾತನ್ನು ಆಡಬಾರದು ಎಂಬುದನ್ನು ಗಮನಿಸಿದರು. ಹೋಗಿ ನೆಲೆಸುವ ಶಕ್ತಿ ಇತ್ತೆಂದು ಹೊಸ್ತಿಲನ್ನು ಮರೆಯಲಿಲ್ಲ. ಮನುಷ್ಯರ ನಡುವೆ ನಾವು ಪಾಲಿಸುವ ಈ ಮರ್ಯಾದೆ ಮಣ್ಣಿಗೆ, ಹುಲ್ಲಿಗೆ, ಮಾತು ಬಾರದ ಬಯಲಿಗೆ ಏಕೆ ಸಲ್ಲಬಾರದು? ಅವುಗಳ ಹೊಸ್ತಿಲು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಅದನ್ನು ಹುಡುಕುವ ಹೊಣೆ ಬಂದವನ ಮೇಲೆಯೇ ಬೀಳುತ್ತದೆ. ಹಳೆಯ ವ್ಯಾನಿಗೆ ಹೊಸ ಬಲ ಕೂಡಿಸುವವರು ಕೂಡಿಸಲಿ. ಆ ಬಲದ ಜೊತೆಗೆ, ನಿಲ್ಲಬೇಕಾದ ಕಡೆ ನಿಲ್ಲುವ ಮನಸ್ಸನ್ನೂ ಜೋಡಿಸಿಕೊಂಡರೆ ಗಾಡಿ ಸಿದ್ಧವಾದಂತೆ.