ಉರಿಯಿಲ್ಲದ ಒಲೆಯಲ್ಲಿ ಅಗ್ನಿ

ಹಿತ್ತಾಳೆ ಪಾತ್ರೆಯನ್ನು ಇಂಡಕ್ಷನ್ ಒಲೆ ಒಪ್ಪುವುದಿಲ್ಲ. ತಾಮ್ರವನ್ನೂ ಒಪ್ಪುವುದಿಲ್ಲ, ಬೆಳ್ಳಿಯ ಮಾತಂತೂ ದೂರವೇ ಉಳಿಯಿತು. ಮೇಲಿಟ್ಟರೆ ಬೀಪ್ ಬೀಪ್ ಎಂದು ತಕರಾರು ತೆಗೆದು ಸುಮ್ಮನಾಗುತ್ತದೆ. ಹೆಬ್ಬಾಳದ ಮೇಲ್ಸೇತುವೆ ಇಳಿದು ಯಲಹಂಕದ ಕಡೆ ಹೊರಟರೆ ಬಳ್ಳಾರಿ ರಸ್ತೆಯ ಎರಡೂ ಬದಿಗೆ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಅಲ್ಲಿನ ಗೃಹಪ್ರವೇಶದ ಬೆಳಗ್ಗೆಗಳಲ್ಲಿ ಈ ಸದ್ದು ಸಣ್ಣದೊಂದು ಧರ್ಮಸಂಕಟ ತಂದಿಡುತ್ತದೆ. ಹಾಲುಕ್ಕಿಸಲೆಂದು ಊರಿನಿಂದ ಬಂದ ಹಿರಿಯರು ತಂದಿರುವುದು ಹಿತ್ತಾಳೆ ತಪ್ಪಲೆ. ಒಲೆ ಕೇಳುವುದು ಕಬ್ಬಿಣ. ದೇವರ ಕೆಲಸಕ್ಕೆ ಬೇಡವೆಂದು ತಲೆಮಾರುಗಳಿಂದ ದೂರವಿಟ್ಟ ಲೋಹವೇ ಕಬ್ಬಿಣ.

“ಅತ್ತೆ, ಇದ್ರಲ್ಲಿ ಉರಿ ಬರಲ್ಲ, ಪಾತ್ರೆ ಮಾತ್ರ ಬಿಸಿಯಾಗುತ್ತೆ” ಅನ್ನುವುದು ಸೊಸೆಯ ಮಾತು. “ಉರೀನೇ ಇಲ್ಲ ಅಂದ್ಮೇಲೆ ಅರಿಶಿನ ಕುಂಕುಮ ಯಾವುದಕ್ಕಮ್ಮ ಹಚ್ಚಲಿ?” ಅನ್ನುವುದು ಅತ್ತೆಯ ಮಾತು. ಇಂಥ ಮಾತುಕತೆ ಯಾವ ಮನೆಯಲ್ಲಾದರೂ ನಡೆಯಬಹುದು. ಆರ್‌.ಟಿ. ನಗರದ್ದೋ ಯಶವಂತಪುರದ್ದೋ ಅಂಗಡಿಗೆ ಹೋದರೆ ಬೆಲೆ, ಕರೆಂಟ್ ಬಿಲ್ಲು, ಮಕ್ಕಳ ಕೈ ಸುಡದಿರುವ ಭರವಸೆ, ಗಾಜು ಒರೆಸುವ ಸುಲಭ ಎಲ್ಲದಕ್ಕೂ ಉತ್ತರ ಸಿಗುತ್ತದೆ. ಅತ್ತೆಯ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಅದು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವಷ್ಟು ಹಗುರವಾದ ಪ್ರಶ್ನೆಯೂ ಅಲ್ಲ.

ಮೊದಲು ಯಂತ್ರದ ಗುಟ್ಟು. ಗಾಜಿನ ಹಲಗೆಯ ಕೆಳಗೆ ತಾಮ್ರದ ಸುರುಳಿಯಿದೆ. ಅದರಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರಿಂದ ಹುಟ್ಟುವ ಕಾಂತಕ್ಷೇತ್ರ ಪಾತ್ರೆಯ ತಳದೊಳಗೇ ಸುಳಿಯಂಥ ವಿದ್ಯುತ್ತನ್ನು ಎಬ್ಬಿಸುತ್ತದೆ, ಆ ಸುಳಿಗೆ ತಡೆ ಒಡ್ಡುವ ಕಬ್ಬಿಣ ಕಾಯುತ್ತದೆ. ಅಂದರೆ ಒಲೆ ಕಾದು ಪಾತ್ರೆಗೆ ಬಿಸಿ ದಾಟಿಸುವುದಿಲ್ಲ, ಪಾತ್ರೆಯೇ ಒಲೆಯಾಗುತ್ತದೆ. ಇದರ ಮೂಲತತ್ತ್ವವನ್ನು 1831ರಲ್ಲಿ ಕಂಡುಹಿಡಿದವನು ಮೈಕೆಲ್ ಫ್ಯಾರಡೆ. ಮೇಣದಬತ್ತಿಯ ಜ್ವಾಲೆಯೊಂದನ್ನೇ ಹಿಡಿದು ಮಕ್ಕಳಿಗೆ ಸಾಲು ಸಾಲು ಉಪನ್ಯಾಸ ಕೊಟ್ಟವನೂ ಅವನೇ, 1861ರಲ್ಲಿ ಅವು ಪುಸ್ತಕವಾಗಿ ಬಂದವು. ಉರಿಯನ್ನು ಅಷ್ಟು ಪ್ರೀತಿಯಿಂದ ನೋಡಿದ ಮನುಷ್ಯನೇ ಉರಿಯಿಲ್ಲದ ಒಲೆಗೂ ದಾರಿ ಮಾಡಿದ.

ಈಗ ಅತ್ತೆಯ ಪ್ರಶ್ನೆ. ಭಾರತೀಯ ತರ್ಕಶಾಸ್ತ್ರಕ್ಕೆ ಅಡುಗೆಮನೆ ಹೊಸ ಜಾಗವೇನಲ್ಲ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ಊಹಿಸುವುದು ಹೇಗೆ ಸರಿ ಎಂದು ನೈಯಾಯಿಕರು ವಿವರಿಸುವಾಗ ಕೊಡುವ ಖಾಯಂ ಉದಾಹರಣೆಯೇ ಅಡುಗೆಮನೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬುದನ್ನು ಮನುಷ್ಯ ಕಲಿತದ್ದು ಅಲ್ಲಿ. 17ನೇ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹ ಸಂಸ್ಕೃತ ವಿದ್ಯಾರ್ಥಿಗಳು ಇಂದಿಗೂ ಮೊದಲು ಓದುವ ಪುಸ್ತಕಗಳಲ್ಲಿ ಒಂದು. ಈ ಉದಾಹರಣೆ ಅದರಲ್ಲಿದೆ. ಅದೇ ಪುಸ್ತಕದಲ್ಲಿ ಇದರ ಇನ್ನೊಂದು ಮಗ್ಗುಲೂ ಇದೆ. ಹೊಗೆಯಿದ್ದರೆ ಬೆಂಕಿ ಸರಿ, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಬೇಕಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೋಡಿ, ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ, ಏಕೆಂದರೆ ಹಸಿ ಸೌದೆಯಿಲ್ಲ. ಹೊಗೆಯೇಳದೆ ಕಾದ ಕಬ್ಬಿಣ: ಇಂಡಕ್ಷನ್ ಮೇಲಿನ ಬಾಣಲೆಗೆ ಇದಕ್ಕಿಂತ ಹತ್ತಿರದ ವರ್ಣನೆ ಆ ಕಾಲದಲ್ಲಿ ಸಾಧ್ಯವಿರಲಿಲ್ಲ.

ಅನ್ನಂಭಟ್ಟ ಇನ್ನೂ ಒಂದು ಹೆಜ್ಜೆ ಮುಂದಿದ್ದಾನೆ. ಮುಟ್ಟಿದರೆ ಬಿಸಿಯಾಗಿರುವುದು ತೇಜಸ್ಸು ಎಂದು ಹೇಳಿ, ವಿಷಯರೂಪದ ತೇಜಸ್ಸನ್ನು ನಾಲ್ಕಾಗಿ ವಿಂಗಡಿಸುತ್ತಾನೆ. ನೆಲದ ಬೆಂಕಿ ಒಂದು, ಹೊಟ್ಟೆಯೊಳಗೆ ಅನ್ನ ಅರಗಿಸುವ ಬೆಂಕಿ ಇನ್ನೊಂದು, ಗಣಿಯಲ್ಲಿ ಸಿಗುವ ಚಿನ್ನ ಮತ್ತೊಂದು. ನಾಲ್ಕನೆಯದು ನೀರನ್ನೇ ಸೌದೆಯಾಗಿ ಉಳ್ಳ ದಿವ್ಯ ತೇಜಸ್ಸು, ಅಂದರೆ ಮಿಂಚು ಮೊದಲಾದವು. ಶರಾವತಿಯ 1035 ಮೆಗಾವಾಟ್ ಜಲವಿದ್ಯುತ್ತಿನಿಂದ ಸಾರು ಕುದಿಸುವ ನಾಡಿನವರು ಈ ನಾಲ್ಕನೆಯ ಬಗೆಯನ್ನು ಓದಿ ನಕ್ಕರೆ ತಪ್ಪಿಲ್ಲ. ಒಟ್ಟಿನಲ್ಲಿ ತರ್ಕದ ಕಟಕಟೆಯಲ್ಲಿ ಇಂಡಕ್ಷನ್ ಗೆಲ್ಲುತ್ತದೆ. ಜ್ವಾಲೆ ಇಲ್ಲದಿರಬಹುದು, ತೇಜಸ್ಸಿದೆ.

ಬೇರೆ ಧರ್ಮಗಳವರೂ ಈ ಕಟಕಟೆ ಹತ್ತಿದ್ದಾರೆ. ಸಬ್ಬತ್ ದಿನ ಬೆಂಕಿ ಹಚ್ಚಬಾರದೆಂಬ ಕಟ್ಟಳೆಯ ಯಹೂದ್ಯರಿಗೆ ವಿದ್ಯುತ್ ದೀಪ ಬಂದಾಗ ತಲೆನೋವು ಹತ್ತಿತು. ಬಲ್ಬಿನ ಒಳಗೆ ಕೆಂಪಾಗುವ ತಂತಿ ಬೆಂಕಿಯೋ ಅಲ್ಲವೋ? ಕಾದು ಹೊಳೆಯುವ ಲೋಹವೂ ಬೆಂಕಿಯೇ ಎಂಬುದು ಅವರ ಪಂಡಿತರಲ್ಲಿ ಬಲವಾದ ಅಭಿಪ್ರಾಯ. ರಬ್ಬಿ ಶ್ಲೋಮೊ ಜಲ್ಮನ್ ಔವರ್‌ಬಾಖ್ 1935ರಲ್ಲಿ ವಿದ್ಯುತ್ತಿನ ಬಗ್ಗೆಯೇ ಒಂದು ಪುಸ್ತಕ ತಂದರು. ಆ ಲೆಕ್ಕ ಹಿಡಿದರೆ, ಗಾಜಿನಡಿ ಕೆಂಪಗೆ ಹೊಳೆಯುವ, ಹಿತ್ತಾಳೆ ತಾಮ್ರಗಳನ್ನೂ ಬೇಡವೆನ್ನದ ಇನ್‌ಫ್ರಾರೆಡ್ ಒಲೆ ಬೆಂಕಿಯ ಗುಂಪಿಗೆ ಸೇರೀತು, ಇಂಡಕ್ಷನ್ ಹೊರಗುಳಿದೀತು. ಜೈನರ ತೊಂದರೆಯೂ ಅತ್ತೆಯದಕ್ಕೆ ತಿರುಗುಮುರುಗು. ಅವರ ಪ್ರಕಾರ ಬೆಂಕಿಯೇ ಒಂದು ಜೀವಸಮೂಹ. ಆದ್ದರಿಂದ ಸಾಧುಗಳು ಬೆಂಕಿ ಹಚ್ಚುವುದೂ ಇಲ್ಲ, ಆರಿಸುವುದೂ ಇಲ್ಲ. ವಿದ್ಯುತ್ತೂ ಅಂಥ ಅಗ್ನಿಕಾಯ ಜೀವವಾದರೆ ಮೈಕು, ಫ್ಯಾನು ಎಲ್ಲವೂ ಹಿಂಸೆ. ತೇರಾಪಂಥದ ಆಚಾರ್ಯ ಮಹಾಪ್ರಜ್ಞ ವಿದ್ಯುತ್ತು ನಿರ್ಜೀವ ಎಂಬ ಕಡೆ ನಿಂತರು. ಒಪ್ಪದ ಪಂಥಗಳವರು ಇಂದಿಗೂ ಇದ್ದಾರೆ. ಅತ್ತೆಗೆ ಒಲೆಯಲ್ಲಿ ಅಗ್ನಿ ಇಲ್ಲವೆಂಬ ಭಯ, ಇವರಿಗೆ ಇದ್ದುಬಿಟ್ಟರೆ ಎಂಬ ಭಯ.

ಹಾಗಾದರೆ ಅತ್ತೆ ಸೋತರೆ? ಇಲ್ಲ. ಆಕೆ ಕೇಳಿದ್ದು ಬಿಸಿಯನ್ನಲ್ಲ. ವೈದಿಕ ಪದ್ಧತಿಯಲ್ಲಿ ಅಗ್ನಿಯ ಮುಖ್ಯ ಕೆಲಸ ಬೇಯಿಸುವುದೇ ಅಲ್ಲ, ತೆಗೆದುಕೊಳ್ಳುವುದು. ದೇವತೆಗಳಿಗೆ ತಲುಪಬೇಕಾದುದನ್ನು ತಿನ್ನುವ ಬಾಯಿ ಅವನು, ಮದುವೆಗೆ ಸಾಕ್ಷಿಯೂ ಅವನೇ. ಮನುಸ್ಮೃತಿಯ ಮೂರನೆಯ ಅಧ್ಯಾಯ ಗೃಹಸ್ಥನ ಮನೆಯಲ್ಲಿ ಐದು ಕೊಲೆಯ ತಾಣಗಳಿವೆ ಎನ್ನುತ್ತದೆ. ಪಟ್ಟಿಯಲ್ಲಿ ಮೊದಲನೆಯದು ಒಲೆ, ಆಮೇಲೆ ಬೀಸುಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಅನ್ನ ಬೇಯಿಸುವಾಗ ಎಷ್ಟೋ ಸಣ್ಣ ಜೀವಗಳು ಸಾಯುತ್ತವೆ. ಆ ಋಣ ತೀರಿಸಲು ದಿನದಿನದ ಐದು ಯಜ್ಞಗಳು. ಅದರಲ್ಲಿ ವೈಶ್ವದೇವವೆಂದರೆ ಬೆಂದ ಅನ್ನದಲ್ಲಿ ಒಂದು ಪಾಲನ್ನು ಬೆಂಕಿಗೆ ಹಾಕುವುದು. ಕೊಂದ ಒಲೆಯೇ ಪ್ರಾಯಶ್ಚಿತ್ತದ ಪಾಲನ್ನೂ ಸ್ವೀಕರಿಸುವ ವ್ಯವಸ್ಥೆ ಇದು. ಗ್ಯಾಸ್ ಉರಿಗೆ ಒಂದು ತುತ್ತು ಹಾಕಿದರೆ ಬರ್ನರ್ ಕಟ್ಟಿಕೊಂಡೀತು, ಆದರೂ ತುತ್ತು ಉರಿದುಹೋಗುತ್ತದೆ. ಇಂಡಕ್ಷನ್ ಗಾಜಿನ ಮೇಲೆ ಹಾಕಿದರೆ ಅನ್ನ ಹಾಗೇ ಬಿದ್ದಿರುತ್ತದೆ, ಒರೆಸುವ ಬಟ್ಟೆ ತರಬೇಕು. ಬೇಯಿಸಲು ಬರುವ ಈ ಒಲೆಗೆ ಉಣ್ಣಲು ಬರುವುದಿಲ್ಲ.

ಅಷ್ಟೇ ಅಲ್ಲ, ಈ ಒಲೆ ನಿರಪರಾಧಿಯಂತೆ ಕಾಣುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ, ಮಸಿಯಿಲ್ಲ. ಆದರೆ ಉರಿ ಆರಿಲ್ಲ, ವಿಳಾಸ ಬದಲಿಸಿದೆ. ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಸ್ಥಾವರ 2024ರಲ್ಲಿ ಉದ್ಘಾಟನೆಯಾಯಿತು. ಅದು ನೈಸರ್ಗಿಕ ಅನಿಲ ಉರಿಸಿ ಟರ್ಬೈನ್ ತಿರುಗಿಸುತ್ತದೆ, ಹೊರಬೀಳುವ ಬಿಸಿಯಿಂದ ಹಬೆ ಮಾಡಿ ಎರಡನೆಯ ಟರ್ಬೈನನ್ನೂ ತಿರುಗಿಸುತ್ತದೆ. ಗೇಲ್ ಗ್ಯಾಸ್‌ನ ಕೊಳವೆಯಲ್ಲಿ ಮನೆಗಳಿಗೆ ಬರುವುದೂ ನೈಸರ್ಗಿಕ ಅನಿಲವೇ, ಬಹುಪಾಲು ಮೀಥೇನ್. ಪಕ್ಕಪಕ್ಕದ ಎರಡು ಫ್ಲಾಟ್‌ಗಳಲ್ಲಿ ಒಂದು ಮೀಥೇನನ್ನು ಅಡುಗೆಮನೆಯಲ್ಲೇ ನೀಲಿಯಾಗಿ ಉರಿಸುತ್ತದೆ, ಇನ್ನೊಂದರ ಪಾಲಿನದು ಪುಟ್ಟೇನಹಳ್ಳಿಯಲ್ಲಿ ಉರಿದು ತಂತಿಯಲ್ಲಿ ಬರುತ್ತದೆ. ಇಂಥ ಸ್ಥಾವರದಲ್ಲಿ ಅನಿಲದ ಶಕ್ತಿಯಲ್ಲಿ ವಿದ್ಯುತ್ತಾಗುವುದು ಅರ್ಧ ಅಥವಾ ತುಸು ಹೆಚ್ಚು. ಮನೆಯ ಎಲ್‌ಪಿಜಿ ಒಲೆಗೆ ಭಾರತೀಯ ಮಾನದಂಡ ಕೇಳುವ ಕನಿಷ್ಠ ದಕ್ಷತೆ ಶೇಕಡಾ 68. ಹಾಗಾಗಿ ಅನಿಲದ ಲೆಕ್ಕದಲ್ಲಿ ಇಂಡಕ್ಷನ್ ಹೆಚ್ಚು ಸಾತ್ವಿಕ ಎನ್ನಲು ಆಧಾರ ಕಡಿಮೆ. ತಂತಿಯಲ್ಲಿ ಪಾವಗಡದ ಬಿಸಿಲೂ ಇದೆ, ರಾಯಚೂರಿನ ಶಕ್ತಿನಗರದ 1720 ಮೆಗಾವಾಟ್ ಸ್ಥಾವರದ ಕಲ್ಲಿದ್ದಲೂ ಇದೆ. ಹೆಬ್ಬಾಳದ ಬಾಣಲೆಯನ್ನು ಈ ಕ್ಷಣ ಕಾಯಿಸುತ್ತಿರುವುದು ಸೂರ್ಯನೋ ಇದ್ದಲೋ ಹೇಳಲಾಗದು. ಮನುವಿನ ಮೊದಲ ಕೊಲೆಯ ತಾಣ ಮನೆಯಿಂದ ಎದ್ದು ಹೋಗಿ ಶಕ್ತಿನಗರದ ಹಾರುಬೂದಿಯಲ್ಲಿ ನೆಲೆಸಿದರೆ, ಪ್ರಾಯಶ್ಚಿತ್ತ ಮಾಡಬೇಕಾದವರು ಯಾರು? ಹೊಗೆ ಕಾಣದ ಅಡುಗೆಮನೆಯವರಿಗೆ ಋಣದ ನೆನಪೂ ಆಗದಿರುವುದೇ ಇಂಡಕ್ಷನ್ನಿನ ನಿಜವಾದ ಧಾರ್ಮಿಕ ದೋಷ.

ಇಷ್ಟು ಹೇಳಿದ ಮೇಲೆ ಹೊಗೆಯ ಪಕ್ಷ ವಹಿಸಿದಂತೆ ಆಗಬಾರದು. ಹೊಗೆ ಪವಿತ್ರ ಎಂದು ಬರೆದವರಲ್ಲಿ ಹೆಚ್ಚಿನವರು ಊದುಗೊಳವೆ ಹಿಡಿದವರಲ್ಲ. ಯಶವಂತಪುರಕ್ಕೆ ಅಂಟಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಮುಂದೆ ಹೊಗೆಕೊಳವೆಯಿರುವ ಅಸ್ತ್ರ ಒಲೆಯನ್ನು ರೂಪಿಸಿತು. ಸೌದೆ ಉಳಿಯಿತು, ಹೆಂಗಸರ ಕಣ್ಣೂ ಉಳಿಯಿತು. ಅದಕ್ಕೂ ಎಂಟು ಶತಮಾನ ಮೊದಲು ಬಸವಣ್ಣನವರು ಅಗ್ನಿಭಕ್ತಿಯ ಪೊಳ್ಳನ್ನು ವಚನವೊಂದರಲ್ಲಿ ಬಯಲು ಮಾಡಿದ್ದರು. ಬೆಂಕಿಯನ್ನು ದೈವವೆಂದು ಪೂಜಿಸುವವರೇ ಮನೆಗೆ ಬೆಂಕಿ ಬಿದ್ದಾಗ ಅದರ ಮೇಲೆ ಬಚ್ಚಲ ನೀರನ್ನೂ ಬೀದಿಯ ಧೂಳನ್ನೂ ಸುರಿಯುತ್ತಾರೆ ಎಂಬುದು ಅವರ ಕುಟುಕು. ಲಿಂಗಾಯತ ಮನೆಯಲ್ಲಿ ಅತ್ತೆಯ ಪ್ರಶ್ನೆ ಈ ರೂಪದಲ್ಲಿ ಏಳಬೇಕಾದ ಅಗತ್ಯವೇ ಇಲ್ಲ. ಒಲೆ ಯಾವುದಾದರೇನು, ಇಷ್ಟಲಿಂಗ ಅಂಗೈಯಲ್ಲಿದೆ.

ನೈವೇದ್ಯದ ವಿಷಯದಲ್ಲಿ ದೇವಸ್ಥಾನಗಳೂ ಒಂದೇ ಮಾತಾಡುವುದಿಲ್ಲ. ಉಡುಪಿಯ ಕೃಷ್ಣಮಠದಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯಕ್ಕೆ ಮೊದಲು ಕಟ್ಟಿಗೆ ಮುಹೂರ್ತವೆಂದೇ ಒಂದು ಕಾರ್ಯಕ್ರಮವಿದೆ. ಅಡುಗೆಗೆ ಬೇಕಾದ ಸೌದೆಯನ್ನು ರಥದ ಆಕಾರದಲ್ಲಿ ಪೇರಿಸುತ್ತಾರೆ. ಅಲ್ಲಿ ಇಂಧನಕ್ಕೂ ಪೂಜೆ. ಯಶವಂತಪುರದ ಆಚೆ ಹರೇಕೃಷ್ಣ ಗುಡ್ಡದ ಇಸ್ಕಾನ್‌ನವರು 2000ದಲ್ಲಿ ಆರಂಭಿಸಿದ ಅಕ್ಷಯಪಾತ್ರದ ದೊಡ್ಡ ಅಡುಗೆಮನೆಗಳಲ್ಲಿ ಶಾಲಾಮಕ್ಕಳ ಅನ್ನ ಬೇಯುವುದು ಬಾಯ್ಲರಿನ ಹಬೆಯಲ್ಲಿ. ಶಿರಡಿಯಲ್ಲಿ 2009ರಿಂದ 73 ಕನ್ನಡಿ ಬಟ್ಟಲುಗಳು ಬಿಸಿಲನ್ನು ಹಿಡಿದು ಹಬೆ ಮಾಡಿಕೊಡುತ್ತಿವೆ. ಬೆಂದದ್ದು ಹೇಗೆ ಎಂಬುದಕ್ಕಿಂತ ಬೆಂದದ್ದು ಯಾರಿಗೆ ಮುಟ್ಟಿತು ಎಂಬ ಕಡೆಗೇ ಈ ಕೊನೆಯ ಎರಡು ಉದಾಹರಣೆಗಳು ವಾಲುತ್ತವೆ.

ಇನ್ನೊಂದು ಪರೀಕ್ಷೆಯಿದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು, ನಂಟರು ಊಟ ತರುತ್ತಾರೆ. ಇಂಡಕ್ಷನ್‌ನಲ್ಲಿ ಹಚ್ಚುವಂಥದ್ದು ಏನೂ ಇಲ್ಲವಲ್ಲ ಎಂದು ಆ ದಿನ ಅದರ ಮೇಲೆ ಹುಳಿ ಕುದಿಸಲು ಹೋದರೆ ಸೊಸೆಯ ಕೈಯನ್ನು ಎಲ್ಲರೂ ತಡೆದಾರು. ಹೋಮದ ದಿನ ಅಗ್ನಿಯಿಲ್ಲವೆಂದು ದೂರಿದ ಒಲೆಗೇ ಸೂತಕದ ದಿನ ಒಲೆಯ ಪಟ್ಟ! ಇದು ವಿರೋಧಾಭಾಸವಲ್ಲ. ಒಲೆಯೆಂದರೆ ದೇವತೆ ಮಾತ್ರವಲ್ಲ, ಮನೆಯೆಂಬುದರ ಅಳತೆ. ಭಾರತದ ಜನಗಣತಿಯೂ ಕುಟುಂಬವನ್ನು ಎಣಿಸುವುದು ಒಂದೇ ಅಡುಗೆಮನೆಯಿಂದ ಉಣ್ಣುವವರು ಎಂದೇ. ಈ ಅಳತೆಗೆ ಇಂಡಕ್ಷನ್ ಧಾರಾಳವಾಗಿ ಸಾಕು.

ಆದ್ದರಿಂದ ಅಂಗಡಿಯಲ್ಲಿ ನಿಂತವರಿಗೆ ಹೇಳಬಹುದಾದದ್ದು ಇಷ್ಟು: ದಿನದ ಅಡುಗೆ, ದೇವರ ನೈವೇದ್ಯ ಎರಡಕ್ಕೂ ಯಾವ ಒಲೆಯಾದರೂ ನಡೆಯುತ್ತದೆ. ಹೋಮ ಮಾಡುವ, ಬದನೆಕಾಯಿ ಸುಡುವ, ಹಿತ್ತಾಳೆ ತಪ್ಪಲೆಯನ್ನು ಬಿಡಲಾರದ ಮನೆಗೆ ಒಂದಾದರೂ ಉರಿ ಬೇಕು. ಗ್ಯಾಸ್ ಬರ್ನರ್, ಇಂಡಕ್ಷನ್ ಎರಡೂ ಒಂದೇ ಗಾಜಿನ ಮೇಲಿರುವ ಒಲೆಗಳು ಮಾರುಕಟ್ಟೆಯಲ್ಲಿವೆ. ತುತ್ತನ್ನು ಸ್ವೀಕರಿಸುವವರು ಯಾರೆಂಬ ತೊಡಕಿಗೆ ಮನುಸ್ಮೃತಿಯ ಅದೇ ಅಧ್ಯಾಯದಲ್ಲಿ ಪರ್ಯಾಯವೂ ಇದೆ. ಶ್ರಾದ್ಧದಲ್ಲಿ ಅಗ್ನಿ ಇಲ್ಲದಿದ್ದರೆ ಆಹುತಿಯನ್ನು ಬ್ರಾಹ್ಮಣನ ಅಂಗೈಗೆ ಹಾಕಬಹುದಂತೆ. ಬೆಂಕಿಯ ಜಾಗಕ್ಕೆ ಮನುಷ್ಯನ ಕೈ ಬಂದಮೇಲೆ ಅದು ಬ್ರಾಹ್ಮಣನದೇ ಆಗಿರಬೇಕೆಂಬ ಷರತ್ತನ್ನು ಇಂದಿನವರು ಸಡಿಲಿಸಿಕೊಳ್ಳಬಹುದು. ಅಡುಗೆ ಕೆಲಸಕ್ಕೆ ಬರುವಾಕೆಯ ಕೈಯೂ ಕೈಯೇ. ವೈಶ್ವದೇವದ ಜೊತೆಗೆ ನೆಲದಲ್ಲಿಡುವ ಬಲಿಯ ಪಾಲು ನಾಯಿಗೆ, ಕಾಗೆಗೆ, ಹುಳುಹುಪ್ಪಟೆಗೆ, ಸಮಾಜ ಹೊರಗಿಟ್ಟವರಿಗೆ ಎಂದೂ ಅಲ್ಲಿದೆ. ಮನುಷ್ಯರನ್ನು ನಾಯಿಗಳ ಸಾಲಿನಲ್ಲಿ ಕೂರಿಸಿದ ಆ ಪಟ್ಟಿಯನ್ನು ತಿದ್ದಿಯೇ ಓದಬೇಕು. ನಾಯಿಯ ಪಾಲು ಮಾತ್ರ ಈಗ ಅಪಾರ್ಟ್‌ಮೆಂಟ್ ಸಂಘಗಳ ಸಭೆಗೆ ಬಂದು ಕೂತಿದೆ: 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಅನ್ನ ಹಾಕುವ ಜಾಗ ಗುರುತಿಸಿಕೊಡಬೇಕಾದ್ದು ನಿವಾಸಿಗಳ ಸಂಘದ ಹೊಣೆ.