ಹೊಣೆ ಪಾಚಿಯದ್ದೋ, ಹವಳದ್ದೋ?

(ಮಂಗಳೂರಿನ ಹಳೆ ಬಂದರು. ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಹಡಗಿಗೆ ಅಕ್ಕಿ, ತರಕಾರಿ, ಸಿಮೆಂಟ್ ಏರಿಸುತ್ತಿದ್ದಾರೆ. ಬಂದರಿನಲ್ಲೇ ದುಡಿದ ಅಜ್ಜ. ಮೀನುಗಾರಿಕಾ ಕಾಲೇಜಿನಲ್ಲಿ ಓದುವ ಮೊಮ್ಮಗಳು.)

ಅಜ್ಜ: ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವೇ. 2024ರಲ್ಲಿ ಅಲ್ಲಿನ ಹವಳ ಬೆಳ್ಳಗಾಯಿತಂತಲ್ಲ ಮಗಾ, ಸತ್ತದ್ದಾ?

ಮೊಮ್ಮಗಳು: ಬೆಳ್ಳಗಾದ ಕೂಡಲೇ ಸಾಯುವುದಿಲ್ಲ ಅಜ್ಜ. ಹವಳ ಪ್ರಾಣಿ. ಅದರ ಕೋಶಗಳೊಳಗೆ ಕಣ್ಣಿಗೆ ಕಾಣದ ಪಾಚಿ ಉಂಟು. ಬಿಸಿಲಿನಿಂದ ಸಕ್ಕರೆ ಮಾಡಿ ಹವಳವನ್ನು ಸಾಕುವುದು ಅದೇ, ಬಣ್ಣದ ಹೆಚ್ಚಿನ ಪಾಲೂ ಅದರದ್ದೇ. ನೀರು ಬಿಸಿಯಾದಾಗ ಹವಳ ಅದನ್ನು ಹೊರಹಾಕುತ್ತದೆ. ಆಗ ತೆಳು ಮೈಯೊಳಗಿನ ಸುಣ್ಣದ ಎಲುಬು ಕಾಣುತ್ತದೆ.

ಅಜ್ಜ: ಅನ್ನ ಕೊಟ್ಟವನನ್ನೇ ಹೊರಹಾಕುವುದು ಎಂಥ ಧರ್ಮ?

ಮೊಮ್ಮಗಳು: ಅನ್ನವೇ ವಿಷವಾದರೆ? ಕಡುಬೇಸಗೆಯ ಬಿಸಿಗಿಂತ ಒಂದು ಡಿಗ್ರಿ ಹೆಚ್ಚು, ಅದೂ ಕೆಲವು ವಾರ ಇದ್ದರೆ ಸಾಕು. ಪಾಚಿ ಬೆಳಕು ಹೀರುತ್ತಲೇ ಇರುತ್ತದೆ, ಅದನ್ನು ಸಕ್ಕರೆ ಮಾಡುವ ಶಕ್ತಿ ಕೆಟ್ಟಿರುತ್ತದೆ. ಮಿಕ್ಕ ಶಕ್ತಿಯಿಂದ ಹೈಡ್ರೋಜನ್ ಪೆರಾಕ್ಸೈಡ್‌ನಂಥ ವಸ್ತುಗಳು ಹುಟ್ಟಿ ಹವಳದ ಕೋಶಗಳನ್ನು ಘಾಸಿಮಾಡುತ್ತವೆ.

ಅಜ್ಜ: ಹಾಗಾದರೆ ತಪ್ಪು ಪಾಚಿಯದ್ದು.

ಮೊಮ್ಮಗಳು: ಅದು ಎಂದಿನ ಕೆಲಸವನ್ನೇ ಮಾಡಿತು. ನಿನ್ನೆ ಉಪಕಾರವಾದದ್ದು ಇವತ್ತು ಅಪಕಾರವಾಯಿತು. ಬದಲಾದದ್ದು ನೀರು.

ಅಜ್ಜ: ಬಿಸಿ ತಾಳುವ ಪಾಚಿ ಇಲ್ವಾ?

ಮೊಮ್ಮಗಳು: ಉಂಟು, ಡ್ಯುರುಸ್ಡಿನಿಯಂ ಅಂತ. ಬೆಳ್ಳಗಾಗಿ ಚೇತರಿಸಿಕೊಂಡ ಕೆಲವು ಹವಳಗಳಲ್ಲಿ ಅದರ ಪಾಲು ಹೆಚ್ಚುತ್ತದೆ. ಆದರೆ ಅದು ಕೊಡುವ ಸಕ್ಕರೆ ಸಾಮಾನ್ಯವಾಗಿ ಕಡಿಮೆ, ಹವಳದ ಬೆಳವಣಿಗೆ ನಿಧಾನ.

ಅಜ್ಜ: ಜೀವ ಉಳಿಯಿತಲ್ಲ, ಸಾಲದಾ?

ಮೊಮ್ಮಗಳು: ಹವಳಕ್ಕೆ ಸಾಕು, ದ್ವೀಪಕ್ಕೆ ಸಾಲದು. ಆ ದ್ವೀಪಗಳು ನಿಂತಿರುವುದೇ ಹವಳ ಕಟ್ಟಿದ ಸುಣ್ಣದ ಮೇಲೆ. ಅಲೆ ಸವೆಸುವುದಕ್ಕಿಂತ ಬೇಗ ಕಟ್ಟುತ್ತಿರಬೇಕು. 1998, 2010, 2016, 2024: ಪೆಟ್ಟಿನ ಮೇಲೆ ಪೆಟ್ಟು, ಪೂರ್ತಿ ಸುಧಾರಿಸಲಿಕ್ಕೆ ಪುರುಸೊತ್ತೇ ಇಲ್ಲ.

ಅಜ್ಜ: ಎಲ್ಲ ನೀರಿನ ಮೇಲೆ ಹಾಕಿದರೆ ಯಾರೂ ಹೊಣೆಯಲ್ಲ ಅಂತಾಯಿತು. ಕಾಲವೇ ಕೆಟ್ಟದ್ದು ಅನ್ನುವುದು ಎಲ್ಲರಿಗೂ ಸುಲಭ.

ಮೊಮ್ಮಗಳು: ಆ ಮಾತು ಪಾಚಿಗೂ ಹವಳಕ್ಕೂ ಸಲ್ಲುತ್ತದೆ ಅಜ್ಜ, ನಮಗೆ ಸಲ್ಲುವುದಿಲ್ಲ. ಅವು ನೀರನ್ನು ಬಿಸಿ ಮಾಡಲಿಲ್ಲ, ತಣಿಸಲಿಕ್ಕೂ ಆಗದು. ಕಲ್ಲಿದ್ದಲು, ಎಣ್ಣೆ ಸುಟ್ಟು ಕಡಲನ್ನು ಬಿಸಿ ಮಾಡಿದವರು ನಾವು. ಕಡಿಮೆ ಮಾಡಲಿಕ್ಕೆ ಆಗುವುದೂ ನಮಗೇ. ಬದಲಿಸಬಲ್ಲವರ ಮೇಲೆಯೇ ಹೊಣೆ.

ಅಜ್ಜ: ಹಾಗಾದರೆ ಪಣಂಬೂರಿನ ಹೊಸ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲೂ ಈ ಲೆಕ್ಕಕ್ಕೆ ಬಂತು.

ಮೊಮ್ಮಗಳು: ಬಂತು. ಅದರಿಂದ ಉರಿಯುವ ನಮ್ಮ ಮನೆಯ ದೀಪವೂ ಬಂತು. ಬೆಳ್ಳಗಾದ ಹವಳ ಪಾಚಿ ಮರಳಿ ಬರುವುದನ್ನು ಕೆಲವು ವಾರ ಕಾಯಬಲ್ಲದು. ನಾವು ವರ್ಷಗಟ್ಟಲೆ ತಡಮಾಡಿದರೆ ಅದರ ತಾಳ್ಮೆ ವ್ಯರ್ಥ.