ನಾಟಿ ಅಲ್ವಾ?

ಊರಿಂದ ಹೊರಟಾಗಲೆಲ್ಲ ಅಮ್ಮ ಡಬ್ಬಿಗೆ ಅಕ್ಕಿ ಸುರಿದು, ಅದರೊಳಗೆ ಮೊಟ್ಟೆ ಹುಗಿದು ಕೊಡುತ್ತಾಳೆ. ಕೊಪ್ಪದಲ್ಲಿ ರಾತ್ರಿ ಬಸ್ಸು ಹತ್ತಿ, ಅಷ್ಟೂ ತಿರುವು ದಾಟಿ ಮೆಜೆಸ್ಟಿಕ್‌ನಲ್ಲಿ ಇಳಿದರೂ ಒಂದೂ ಒಡೆದಿರುವುದಿಲ್ಲ.

ಒಮ್ಮೆ ಆಫೀಸಿನ ಗೆಳೆಯನೊಬ್ಬ ಅದನ್ನು ನೋಡಿದ. ಕಂದು ಬಣ್ಣ ಕಂಡಿದ್ದೇ, "ಮಗಾ, ನಾಟಿ ಅಲ್ವಾ? ಹೆಂಡ್ತಿ ಪ್ರೆಗ್ನೆಂಟ್, ಒಳ್ಳೇ ಮೊಟ್ಟೆ ಹುಡುಕ್ತಿದ್ದೆ. ಒಂದಕ್ಕೆ 15 ರೂಪಾಯಿ ಕೊಡ್ತೀನಿ, ತಿಂಗಳಿಗೆ 30 ತಂದ್ಕೊಡು" ಅಂದ. ನಾನು ನಕ್ಕೆ, ಅಷ್ಟೇ. ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಐದು ತಿಂಗಳು ಮೊಟ್ಟೆ ಹೋಯ್ತು, ಫೋನಿಗೆ ದುಡ್ಡು ಬಂತು.

ನಿಜ ಏನೆಂದರೆ ನಮ್ಮ ಒಡ್ಡಿಯಲ್ಲಿರುವುದು ಗಿರಿರಾಜ. ಹಿತ್ತಲಲ್ಲಿ ಸಾಕಲೆಂದೇ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ತಳಿ. ನಾಟಿ ಕೋಳಿ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಇದು ಅದರ ಎರಡರಷ್ಟು ಇಡುತ್ತದೆ. ನಾಟಿ ಮೊಟ್ಟೆ ಇದಕ್ಕಿಂತ ಚಿಕ್ಕದು, ಬಣ್ಣವೂ ಎಷ್ಟೋ ಸಲ ಕೆನೆಬಣ್ಣವೇ.

ಬಣ್ಣದ ಕತೆ ಇಷ್ಟೇ. ಕೋಳಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು, ಅದರಲ್ಲಿ 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಮೂಲದಲ್ಲಿ ಬಿಳಿ. ಕೊನೆಯ ಕೆಲವು ಗಂಟೆಗಳಲ್ಲಿ ಕೆಲವು ತಳಿಗಳು ಅದರ ಮೇಲೆ ಪ್ರೋಟೊಪಾರ್ಫಿರಿನ್ ಎಂಬ ಕಂದು ಬಣ್ಣ ಬಳಿಯುತ್ತವೆ. ವೈಟ್ ಲೆಗ್‌ಹಾರ್ನ್ ಬಳಿಯುವುದಿಲ್ಲ, ರೋಡ್ ಐಲ್ಯಾಂಡ್ ರೆಡ್ ಬಳಿಯುತ್ತದೆ. ಯಾವ ಬಣ್ಣದ್ದಾದರೂ ಒಳಗಿರುವುದು ಸುಮಾರು 6 ಗ್ರಾಂ ಪ್ರೋಟೀನೇ. ಹಳದಿ ಎಷ್ಟು ಗಾಢ ಅನ್ನೋದು ಮೇವಿನ ಮೇಲೆ ನಿಂತಿದೆ. ಪಂಜರದಲ್ಲೇ ಬೆಳೆದ ಕೋಳಿಯೂ ಕಂದು ಮೊಟ್ಟೆ ಇಡಬಲ್ಲದು.

ಹಾಗಾದರೆ ನಾನು ಸುಳ್ಳು ಹೇಳಿದೆನಾ? ಬಿಳಿ ಮೊಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ನಾಟಿ ಅಂತ ಮಾರುವವರ ಸುದ್ದಿ ಓದಿ ನಾನೂ ಬೈದವನೇ. ಆದರೆ ನಾನು ಯಾವ ಬಣ್ಣವನ್ನೂ ಬಳಿದಿರಲಿಲ್ಲ. ನಮ್ಮ ಕೋಳಿಗಳು ಅಡಿಕೆ ತೋಟ ಕೆದಕಿ, ಹುಳ ಹೆಕ್ಕಿ ತಿಂದೇ ಬೆಳೆಯೋದು. ಗೆಳೆಯನಿಗೆ ಬೇಕಾಗಿದ್ದೂ ಅದೇ ಅಲ್ವಾ? ಒಂದು ಪದ ಮಾತ್ರ ತಪ್ಪು, ಅದನ್ನೂ ಹೇಳಿದ್ದು ಅವನೇ. ಧರ್ಮರಾಯನಾದರೂ ಅಶ್ವತ್ಥಾಮ ಸತ್ತ ಅಂತ ಅರ್ಧ ಮಾತಾಡಿದ, ನಾನು ಅಷ್ಟನ್ನೂ ಆಡಿಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಹೋದ ಸಲ ಊರಲ್ಲಿ ಅಮ್ಮನ ಹತ್ತಿರ ಈ ವ್ಯಾಪಾರದ ಬಗ್ಗೆ ಜಂಬದಿಂದ ಹೇಳಿದೆ. ಅವಳು ಅಕ್ಕಪಕ್ಕದವರಿಗೆ 10 ರೂಪಾಯಿಗೆ ಕೊಡುತ್ತಾಳೆ.

"ನಾಟಿ ಅಲ್ವಾ ಅಂತ ಕೇಳ್ದಾಗ ನೀನೆಂತ ಹೇಳ್ದೆ?"

"ಎಂತದೂ ಹೇಳ್ಲಿಲ್ಲ."

"ಕೇಳಿದ್ದಲ್ವನಾ ಅವ?" ಅಂದು ಒಡ್ಡಿಯ ಬಾಗಿಲು ಹಾಕಲು ಹೋದಳು.

ಕೇಳಿದವನಿಗೆ ಉತ್ತರ ಸಲ್ಲಬೇಕಿತ್ತು. ಗೊತ್ತಿಲ್ಲದೆ ಸುಮ್ಮನಿರುವುದು ಬೇರೆ, ಗೊತ್ತಿದ್ದೂ ಸುಮ್ಮನಿದ್ದು ದುಡ್ಡು ಎಣಿಸುವುದು ಬೇರೆ. ಅವನ ತಪ್ಪು ತಿಳುವಳಿಕೆಗೆ ನಾನು ಮೊಟ್ಟೆಗೆ ಐದು ರೂಪಾಯಿ ಬಾಡಿಗೆ ವಸೂಲಿ ಮಾಡಿದ್ದೆ.

ಸೋಮವಾರ ಕ್ಯಾಂಟೀನಿನಲ್ಲಿ ಎಲ್ಲ ಹೇಳಿ, 750 ರೂಪಾಯಿ ವಾಪಸ್ ಕಳಿಸಿದೆ. ಬೈತಾನೆ ಅಂದುಕೊಂಡಿದ್ದೆ. ಅವನು ಸ್ವಲ್ಪ ಹೊತ್ತು ಫೋನ್ ನೋಡುತ್ತಾ ಕೂತ.

"ದುಡ್ಡಿರಲಿ ಬಿಡು ಮಗಾ. ಕಾಸ್ಟ್ಲಿ ಅಂತ ಅವಳಿಗೆ ದಿನಕ್ಕೆ ಒಂದೇ ಬೇಯಿಸಿ ಕೊಡ್ತಿದ್ದೆ. ಗೊತ್ತಿದ್ರೆ ಅದೇ ದುಡ್ಡಲ್ಲಿ ಅಂಗಡಿದು ಬಿಳೀದೇ ಎರಡು ಕೊಡ್ತಿದ್ದೆ."

ನನ್ನ ಲೆಕ್ಕದಲ್ಲಿ ಈ ಎರಡನೇ ಮೊಟ್ಟೆ ಇರಲೇ ಇಲ್ಲ.